ಮಹಾರಾಜ ಕಾಲೇಜಿನ ಚರಿತ್ರೆಯ ಕೊಠಡಿ

ವಿಶ್ವವಿದ್ಯಾನಿಲಯದ ಚರಿತ್ರೆಯ ವಿಭಾಗವೆಂದರೆ ಇಸವಿಗಳನ್ನು ಕಂಠಪಾಠ ಮಾಡಿಸುವ ಸ್ಥಳವೆಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕನ್ನಡ ಎಂ.ಎ. ತರಗತಿಯಲ್ಲಿದ್ದಾಗ ನಾನೂ ಹಾಗೆಯೇ ತಿಳಿದಿದ್ದೆ. ಶಾಸನಗಳ ಅಭ್ಯಾಸಕ್ಕೆಂದು ಮೈಸೂರು ಪುರಾತತ್ತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳನ್ನು ಬಿಚ್ಚಿಕೊಂಡು ಕುಳಿತ ಮೇಲೆ ಆ ಭಾವನೆ ತಾನಾಗಿ ಕರಗಿತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಚರಿತ್ರೆಯ ಪಾಠಕ್ಕೆ ಮಹಾರಾಜ ಕಾಲೇಜೇ ಮನೆಯಾಯಿತು. ಬಂಗಾಳದಿಂದ ರಾಧಾಕುಮುದ ಮುಖರ್ಜಿಯವರು ಪ್ರಾಧ್ಯಾಪಕರಾಗಿ ಬಂದರು; ಕೆಲವು ವರ್ಷಗಳಿದ್ದು ಲಖನೌಗೆ ತೆರಳಿದರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಇಂಗ್ಲೆಂಡಿನ ರಾಜ್ಯಾಂಗದ ಬೆಳವಣಿಗೆಯನ್ನು ಬಲ್ಲ ಹುಡುಗನಿಗೆ ತನ್ನೂರ ಗುಡಿಯ ಮುಂದೆ ನಿಂತ ವೀರಗಲ್ಲು ಏನು ಹೇಳುತ್ತದೆಂಬುದು ತಿಳಿಯಬೇಕಾಗಿರಲಿಲ್ಲ.

ಈ ಅಂತರವನ್ನು ತುಂಬಿದವರು ಡಾಕ್ಟರ್ ಎಂ. ಎಚ್. ಕೃಷ್ಣ. ಚರಿತ್ರೆಯ ಪ್ರಾಧ್ಯಾಪಕರೂ ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಅವರೊಬ್ಬರೇ. ಒಬ್ಬನ ಮೇಲೆ ಎರಡು ಹೊರೆ ಹೊರಿಸುವುದು ಸರ್ಕಾರದ ಜಿಪುಣತನವೆಂದು ಸಾಮಾನ್ಯವಾಗಿ ನಾವು ಗೊಣಗುತ್ತೇವೆ. ಇಲ್ಲಿ ಮಾತ್ರ ಅದರಿಂದ ನಾಡಿಗೆ ಲಾಭವೇ ಆಯಿತು. ತರಗತಿಗೂ ಬಯಲಿಗೂ ದಾರಿ ಬಿದ್ದಿತು.

ಆ ಬಯಲಿನ ಕೆಲಸವಾದರೂ ಎಂಥದು? ಮೊದಲು ಕಲ್ಲಿನ ಮೇಲಿನ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡನ್ನು ತೊಳೆಯಬೇಕು. ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಕುಳಿಗಳಲ್ಲಿ ಇಳಿಯುವಂತೆ ಕುಂಚದಿಂದ ತಟ್ಟಬೇಕು. ಬಳಿಕ ಮಸಿಯ ಗುಬಟನ್ನು ಹದವಾಗಿ ಒತ್ತಬೇಕು. ಮೈಯೆಲ್ಲ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಹೆಚ್ಚಾದರೆ ಅಕ್ಷರ ಮುಚ್ಚಿತು, ಗಾಳಿ ಎದ್ದರೆ ಕಾಗದ ಹರಿಯಿತು. ಇಷ್ಟಾದ ಮೇಲೆ ದೊರೆತ ಪಡಿಯಚ್ಚನ್ನು ಮೇಜಿನ ಮೇಲೆ ಹರಡಿ, ಇದು ಸೊನ್ನೆಯೋ ಕಲ್ಲಿನ ಕುಳಿಯೋ ಎಂದು ದಿನಗಟ್ಟಲೆ ದಿಟ್ಟಿಸಬೇಕು.

1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲನ್ನು ಕೃಷ್ಣರು ಬೆಳಕಿಗೆ ತಂದದ್ದು ಇಂಥ ಪರಿಶ್ರಮದಿಂದಲೇ. ಅದರಲ್ಲಿ ಇಸವಿಯಿಲ್ಲ. ಲಿಪಿಯ ರೂಪವನ್ನೂ ಅದರಲ್ಲಿ ಬರುವ ಅರಸನ ಹೆಸರನ್ನೂ ಆಧರಿಸಿ ಸುಮಾರು 450ರ ಶಾಸನವೆಂದು ನಿರ್ಣಯಿಸಿದರು. ಅಂದಿನಿಂದ ನಾವು ಕನ್ನಡದವರು ನಮ್ಮ ನುಡಿಯ ವಯಸ್ಸನ್ನು ಹೇಳುವಾಗ ಈ ಕಲ್ಲಿನ ಕಡೆ ಬೆರಳು ತೋರಿಸುತ್ತ ಬಂದಿದ್ದೇವೆ. ಈಚೆಗೆ ತಾಳಗುಂದದ ಶಾಸನವೊಂದು ಅದಕ್ಕಿಂತ ಹಿರಿದೆಂಬ ವಾದ ಎದ್ದಿದೆ. ಏಳಲಿ, ಕಾಲನಿರ್ಣಯಕ್ಕೆ ಅಭಿಮಾನ ಪ್ರಮಾಣವಲ್ಲ.

ಅಭಿಮಾನದ ಮಾತು ಬಂದುದರಿಂದ ಚಿತ್ರದುರ್ಗದ ಚಂದ್ರವಳ್ಳಿಯನ್ನು ನೆನೆಯಬೇಕು. ಅಲ್ಲಿ ಕೃಷ್ಣರು ಅಗೆತ ನಡೆಸಿದರು. ಅಲ್ಲಿಯೇ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವನ್ನೂ ಓದಿದರು. ಕೆರೆಯೊಂದರ ವಿಚಾರ ಅದು. ಕೃಷ್ಣರ ಓದಿನಲ್ಲಿ ಪಲ್ಲವರು, ಆಭೀರರು, ಶಕಸ್ಥಾನದವರು ಮುಂತಾಗಿ ಆ ಅರಸ ಗೆದ್ದವರ ದೊಡ್ಡ ಪಟ್ಟಿಯೇ ಇತ್ತು. ಕನ್ನಡ ನಾಡಿನ ಮೊದಲ ದೊರೆ ಇಷ್ಟು ದೂರ ದಂಡೆತ್ತಿ ಹೋದನೆಂದರೆ ಯಾರ ಎದೆ ಉಬ್ಬದು? ಆದರೆ ಅಕ್ಷರಗಳು ಬಹಳ ಸವೆದಿವೆ. ಮುಂದೆ ಬಂದ ವಿದ್ವಾಂಸರು ಆ ಹೆಸರುಗಳನ್ನು ಸಂದೇಹಿಸಿದರು, ಬೇರೆ ಪಾಠವನ್ನು ಸೂಚಿಸಿದರು. ಒಂದೆರಡು ಅಕ್ಷರ ಅತ್ತಿತ್ತಾದರೆ ಒಂದು ಸಾಮ್ರಾಜ್ಯ ಹೋಗಿ ಕೆರೆಯಷ್ಟೇ ಉಳಿಯುತ್ತದೆ. ಕೆರೆ ಉಳಿದರೂ ನನಗೇನೂ ಕೊರತೆಯೆನಿಸುವುದಿಲ್ಲ. ಪಠ್ಯಪುಸ್ತಕ ಬರೆಯುವವರಿಗೆ ಮಾತ್ರ ಸಾಮ್ರಾಜ್ಯವೇ ಬೇಕು.

ಬ್ರಹ್ಮಗಿರಿಯಲ್ಲಿಯೂ ಅಗೆದವರಲ್ಲಿ ಕೃಷ್ಣರೇ ಮೊದಲಿಗರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಎಡೆಗಳಲ್ಲಿ ಪದರ ಪದರವಾಗಿ ಅಗೆದು ಲೋಕಪ್ರಸಿದ್ಧಿ ಪಡೆದರು. ಕೃಷ್ಣರು ಅದೇ ವರ್ಷ ತೀರಿಕೊಂಡರು.

ಇದೇ ವಿಭಾಗದ ಎಸ್. ಶ್ರೀಕಂಠಶಾಸ್ತ್ರಿಗಳ ದಾರಿ ಬೇರೆ. ಅನೇಕ ಭಾಷೆಗಳನ್ನು ಬಲ್ಲ ಅವರು ಕರ್ನಾಟಕದ ಚರಿತ್ರೆಯ ಮೂಲಸಾಮಗ್ರಿಯನ್ನು ಒಂದೆಡೆ ಕೂಡಿಸಿ 1940ರಲ್ಲಿ ಸಂಪುಟವೊಂದನ್ನು ಹೊರತಂದರು. ಸ್ವಂತ ಅಭಿಪ್ರಾಯದ ಗ್ರಂಥ ಬರೆದು ಹೆಸರು ಮಾಡುವುದಕ್ಕಿಂತ ಮುಂದಿನವರಿಗೆ ಆಕರ ಒದಗಿಸುವುದು ಹೆಚ್ಚು ನಿಸ್ವಾರ್ಥದ ಕೆಲಸ. ‘ಭಾರತೀಯ ಸಂಸ್ಕೃತಿ’ಯನ್ನು ಅವರು ಕನ್ನಡದಲ್ಲಿಯೇ ಬರೆದರೆಂಬುದನ್ನೂ ಮರೆಯಬಾರದು.

ಮುಂದೆ ಸ್ನಾತಕೋತ್ತರ ವಿಭಾಗಗಳು ಮಾನಸಗಂಗೋತ್ರಿಗೆ ಹೋದವು. ಹಲ್ಮಿಡಿಯ ಮೂಲಶಾಸನವೂ ಊರಿನಲ್ಲಿಲ್ಲ. ಮೈಸೂರಿನ ಪುರಾತತ್ತ್ವ ಇಲಾಖೆಯಲ್ಲಿದೆ. ಊರಿನವರು ಮಂಟಪದಲ್ಲಿ ಕಾಣುವುದು ಅದರ ಪ್ರತಿಕೃತಿಯನ್ನು.