ಮೆಣಸಿನಕಾಯಿಯ ಕಣವೂ ಅರ್ಬುದದ ಅಣುವಿಜ್ಞಾನವೂ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿ ಹರಿಹರಗಳ ನಡುವೆ ಹಾಸಲ್ಪಟ್ಟ ಮೇಲೆ, ಮಲೆನಾಡಿನ ಏಲಕ್ಕಿಯನ್ನು ತರಿಸಿ ಹಸನುಗೊಳಿಸುತ್ತಿದ್ದ ಹಾವೇರಿಗೂ, ಎರೆನೆಲದ ಹತ್ತಿಗೆ ಹೆಸರಾದ ರಾಣೆಬೆನ್ನೂರಿಗೂ, ಇವೆರಡರ ನಡುವಣ ಬ್ಯಾಡಗಿಗೂ ದೂರದೂರದ ಖರೀದಿದಾರರು ಬರುವಂತಾಯಿತು. ಈ ಮೂರು ಪೇಟೆಗಳ ವ್ಯಾಪಾರವೂ ಬಹುಕಾಲ ನಡೆದುಬಂದುದು ಕಣ್ಣು ಕೈಗಳ ಪರೀಕ್ಷೆಯ ಮೇಲೆಯೇ. ಹತ್ತಿಯ ಎಳೆಯನ್ನು ಬೆರಳಿನಿಂದ ಹಿಂಜಿ ನೋಡುವವರು, ಏಲಕ್ಕಿಯ ಬಣ್ಣವನ್ನೂ ಕಂಪನ್ನೂ ಅಳೆಯುವವರು, ಮೆಣಸಿನಕಾಯಿಯನ್ನು ಹಿಡಿತುಂಬ ಎತ್ತಿ ಕಿವಿಯ ಬಳಿ ಅಲುಗಿಸುವವರು ಇದ್ದ ನಾಡಿದು.

ಈ ಕೊನೆಯ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಯಾಡಗಿಯ ಕಾಯಿ ಕಡ್ಡಿ ಬಗೆಯದಾಗಲಿ ಡಬ್ಬಿ ಬಗೆಯದಾಗಲಿ, ಮೈಯೆಲ್ಲ ಸುಕ್ಕು. ಖಾರ ಅಲ್ಪ, ಕೆಂಪು ಅಪಾರ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತುದೂ ಈ ಗುಣವಿಶೇಷಕ್ಕಾಗಿಯೇ. ಚೆನ್ನಾಗಿ ಒಣಗಿದ ಕಾಯಿಯೊಳಗೆ ಬೀಜಗಳು ಗಲಗಲನೆ ಸದ್ದು ಮಾಡುತ್ತವೆ; ತೇವವುಳಿದ ಕಾಯಿ ಮೂಕವಾಗಿರುತ್ತದೆ. ಆದರೆ ತೀರ ಒಣಗಿದ ಕಾಯಿ ಚೀಲ ತುಂಬುವಾಗ ಪುಡಿಯಾಗುವುದರಿಂದ ಅದರ ಮೇಲೆ ನೀರು ಚಿಮುಕಿಸುವ ರೂಢಿಯೂ ಹುಟ್ಟಿಕೊಂಡಿತು. ತೂಕಕ್ಕೂ ಹೊಳಪಿಗೂ ಒದಗುತ್ತಿದ್ದ ಆ ನೀರಿನಿಂದ ಬೂಷ್ಟು ಹಿಡಿಯುವುದೆಂಬುದನ್ನು ರೈತರೂ ದಲಾಲರೂ ಅರಿತೇ ಇದ್ದರು. ಬೂಷ್ಟಿನೊಳಗೆ ಏನಿದೆಯೆಂಬುದು ಮಾತ್ರ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅದರ ಸುಳಿವು ದೊರೆತುದು 1960ರಲ್ಲಿ, ಅದೂ ಇಂಗ್ಲೆಂಡಿನ ಕೋಳಿಸಾಕಣೆಯ ಅಂಗಳಗಳಲ್ಲಿ. ಒಂದು ಲಕ್ಷಕ್ಕೂ ಮಿಕ್ಕಿದ ಟರ್ಕಿ ಕೋಳಿಮರಿಗಳು ಕಾರಣ ಕಾಣದೆ ಸತ್ತುವು. ಅವುಗಳ ಮೇವಿನಲ್ಲಿ ಬೆರೆತಿದ್ದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ವಿಷವನ್ನು ಸ್ರವಿಸಿತ್ತು. ಅಫ್ಲಾಟಾಕ್ಸಿನ್ ಎಂಬ ಹೆಸರು ಪಡೆದ ಆ ವಿಷವನ್ನು ಅರಿಯುವುದಕ್ಕೆ ತನ್ನ ಸಂಶೋಧನಾಜೀವನದ ಬಹುಭಾಗವನ್ನು ಮುಡಿಪಾಗಿಟ್ಟವನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೆರಾಲ್ಡ್ ವೋಗನ್. 1963ರಲ್ಲಿ ರಸಾಯನಜ್ಞ ಜಾರ್ಜ್ ಬ್ಯೂಖಿಯೊಡಗೂಡಿ ಅವನು ಆ ವಿಷದ ಅಣುರಚನೆಯನ್ನು ಪ್ರಕಟಿಸಿದನು. ದೇಹಕ್ಕೆ ಹೊಕ್ಕ ವಿಷವನ್ನು ಹೊರದೂಡಲೆಂದೇ ಯಕೃತ್ತಿನಲ್ಲಿರುವ ಕಿಣ್ವಗಳು ಅಫ್ಲಾಟಾಕ್ಸಿನ್ನನ್ನು ಇನ್ನೂ ಉಗ್ರವಾದ ರೂಪಕ್ಕೆ ತಿರುಗಿಸುತ್ತವೆ, ಆ ರೂಪವು ಡಿಎನ್‌ಎಯ ಗ್ವಾನಿನ್ ಎಂಬ ಘಟಕಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಅಂಟಿದುದರ ನಿಖರ ಸ್ವರೂಪವನ್ನು ಅವನ ತಂಡ ಗೊತ್ತುಮಾಡಿದುದು 1977ರಲ್ಲಿ.

ಮುಂದೆ 1991ರಲ್ಲಿ ಈ ವಿಷವು ಆಹಾರದಲ್ಲಿ ಬೆರೆಯುತ್ತಿದ್ದ ಚೀನಾದ ಚಿಡಾಂಗ್ ಪ್ರದೇಶದ ಮತ್ತು ಆಫ್ರಿಕಾದ ದಕ್ಷಿಣ ಭಾಗದ ಯಕೃತ್ತಿನ ಅರ್ಬುದಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದ ಎರಡು ತಂಡಗಳು, ಜೀವಕೋಶದ ಅಂಕೆತಪ್ಪಿದ ಬೆಳವಣಿಗೆಯನ್ನು ತಡೆಯುವ ಪಿ53 ವಂಶವಾಹಿಯ 249ನೆಯ ಸಂಕೇತದಲ್ಲಿಯೇ ಗ್ವಾನಿನ್ ಹೋಗಿ ಥೈಮಿನ್ ಬಂದಿರುವುದನ್ನು ಮತ್ತೆ ಮತ್ತೆ ಕಂಡುವು. ಉಗ್ರಾಣದ ತೇವವು ಮನುಷ್ಯನ ವಂಶವಾಹಿಯಲ್ಲಿ ತನ್ನ ಗುರುತನ್ನು ಇಷ್ಟು ಸ್ಪಷ್ಟವಾಗಿ ಉಳಿಸಬಲ್ಲುದೆಂಬುದು ಅರ್ಬುದ ವಿಜ್ಞಾನದ ಮಹತ್ತರ ಶೋಧಗಳಲ್ಲೊಂದೆಂದು ನಾನು ಎಣಿಸುತ್ತೇನೆ. ಮರುವರ್ಷವೇ ವೋಗನ್ನನೂ ಪಾಲುಗೊಂಡಿದ್ದ ಒಂದು ಅಧ್ಯಯನವು ಶಾಂಘೈ ನಗರದ 18,244 ಪುರುಷರ ನಡುವೆ ನಡೆದು, ಮೂತ್ರದಲ್ಲಿ ದೊರೆಯುವ ಈ ವಿಷದ ಕುರುಹುಗಳಿಗೂ ಯಕೃತ್ತಿನ ಅರ್ಬುದಕ್ಕೂ ಇರುವ ನಂಟನ್ನು ತೋರಿಸಿಕೊಟ್ಟಿತು. ಹೆಪಟೈಟಿಸ್ ಬಿ ಸೋಂಕೂ ಜೊತೆಗೂಡಿದಲ್ಲಿ ಅಪಾಯ ಹಲವು ಮಡಿ ಏರುತ್ತದೆ.

ನಮ್ಮ ದೇಶವೂ ಇದರ ಕಹಿಯನ್ನು ಉಂಡಿದೆ. 1974ರಲ್ಲಿ ಬಾಂಸವಾಡಾ, ಪಂಚಮಹಲ್ ಜಿಲ್ಲೆಗಳ ಬಡವರು ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನು ತಿಂದು, ನೂರಕ್ಕೂ ಮೇಲ್ಪಟ್ಟು ಜನ ಯಕೃತ್ತು ಕೆಟ್ಟು ಮಡಿದರು. ನಿತ್ಯದ ಅಡಿಗೆಯಲ್ಲಿ ಮೆಣಸಿನಕಾಯಿಯ ಪ್ರಮಾಣ ಜೋಳದಷ್ಟಿರದು. ಆದುದರಿಂದ ಅದನ್ನು ಕಂಡು ಭಯಪಡುವ ಕಾರಣವಿಲ್ಲ. ಆದರೂ ಐರೋಪ್ಯ ಒಕ್ಕೂಟವು ಒಂದು ಕಿಲೋ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಐದು ಮೈಕ್ರೊಗ್ರಾಮನ್ನು ಮೀರಕೂಡದೆಂದು ವಿಧಿಸಿದ ಮೇಲೆ, ಹೊರದೇಶಕ್ಕೆ ಹೋಗುವ ಸರಕು ಪ್ರಯೋಗಾಲಯವನ್ನು ಹಾದೇ ಹೋಗಬೇಕಾಯಿತು.

ಇಂದು ಸೋಮವಾರ ಗುರುವಾರಗಳ ಟೆಂಡರಿಗೆ ಬ್ಯಾಡಗಿಯ ಮಾರುಕಟ್ಟೆ ಕೆಂಪಾಗುವ ಮುನ್ನ, ಹಳ್ಳಿಯ ಕಣಗಳಲ್ಲಿ ಕಾಯಿಯನ್ನು ಬರಿನೆಲಕ್ಕೆ ಸುರಿಯದೆ ತಾಡಪತ್ರಿಯ ಮೇಲೆ ಹರವಿ, ಸಂಜೆಯ ಇಬ್ಬನಿ ಬೀಳುವ ಮೊದಲೇ ಮುಚ್ಚಿ, ಬೆಳಿಗ್ಗೆ ಮತ್ತೆ ಬಿಚ್ಚಿ ಕೈಯಾಡಿಸುವ ಹೆಣ್ಣುಮಕ್ಕಳು, ವೋಗನ್ನನು ದಶಕಗಳ ಕಾಲ ಬೆನ್ನಟ್ಟಿದ ವಿಷವನ್ನು ಅದು ಹುಟ್ಟುವಲ್ಲಿಯೇ ತಡೆಯುತ್ತಾರೆ. ಅವರ ಕೂಲಿಯನ್ನು ಗೊತ್ತುಮಾಡುವವರು ಈ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತೊಟ್ಟು ಬಿಡಿಸುತ್ತ ಕುಳಿತವರು ಬಿಳಿಚಿದ, ಮಚ್ಚೆಬಿದ್ದ ಕಾಯಿಗಳನ್ನು ಬೇರೆ ಹಾಕುತ್ತಾರೆ. ಹಾಗೆ ಬೇರೆಯಾದುದು ಅಗ್ಗದ ಬೆಲೆಗೆ ಮಾರಾಟವಾಗಿ, ಪುಡಿಯಾಗಿ, ಪರದೇಶದ ಪರೀಕ್ಷೆಯ ರಕ್ಷಣೆಯಿಲ್ಲದ ಬಡವರ ಅಡಿಗೆಮನೆಯನ್ನೇ ಸೇರುವುದುಂಟು. ಆ ರಾಶಿಯನ್ನು ಗಿರಣಿಗೆ ಹೋಗಗೊಡದೆ ನಾಶಮಾಡಿ, ತಂದ ರೈತನಿಗೆ ಅದರ ಬೆಲೆಯನ್ನು ಕಟ್ಟಿಕೊಡುವ ವ್ಯವಸ್ಥೆಯೊಂದು ನಮ್ಮಲ್ಲಿ ಆಗಬೇಕಾಗಿದೆ.