ಬಸವನಹುಳುವಿನ ಮೇಲಿನ ಸವಾರ

ರಾಜ್ಯಶಾಸ್ತ್ರದ ಮೇಷ್ಟ್ರುಗಳಿಗೆ ವ್ಯಂಗ್ಯಚಿತ್ರ ಊಟದೆಲೆಯ ಉಪ್ಪಿನಕಾಯಿ ಇದ್ದ ಹಾಗೆ. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ಹುಡುಗರನ್ನು ಎಬ್ಬಿಸಲು ಅದು ಬೇಕು. ಸಂವಿಧಾನ ರಚನಾ ಸಭೆಯ ಪಾಠ ಬಂದಾಗಲೆಲ್ಲ ನಾನು ಶಂಕರ್ ಬರೆದ ಒಂದು ಚಿತ್ರದ ಜೆರಾಕ್ಸ್ ಹಂಚುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಪಾಠ ಮುಂದೆ ಹೋಗುತ್ತಿತ್ತು.

ಚಿತ್ರ ಬಂದದ್ದು 1949ರ ಆಗಸ್ಟ್ 28ರ 'ಶಂಕರ್ಸ್ ವೀಕ್ಲಿ'ಯಲ್ಲಿ. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಚಾಟಿ ಹಿಡಿದು ಕೂತಿದ್ದಾರೆ. ಹಿಂದೆ ನೆಹರೂ ಚಾಟಿ ಎತ್ತಿ ನಿಂತಿದ್ದಾರೆ. ಜನ ಗುಂಪುಗೂಡಿ ನೋಡುತ್ತಿದ್ದಾರೆ. 2006ರಲ್ಲಿ ಇದು ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕ ಸೇರಿತು. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದಿತು. ಪುಸ್ತಕದ ಮುಖ್ಯ ಸಲಹೆಗಾರರಾದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು. ಪುಣೆ ವಿಶ್ವವಿದ್ಯಾಲಯದಲ್ಲಿದ್ದ ಪಳಶೀಕರ್ ಅವರ ಕೊಠಡಿಗೆ ನುಗ್ಗಿ ಧ್ವಂಸ ಮಾಡಿದರು.

ನಮ್ಮ ಸ್ಟಾಫ್ ರೂಮಿನಲ್ಲಿ ಆಗ ಬೇರೆ ಮಾತೇ ಇರಲಿಲ್ಲ. ಹಿಂದಿನ ತಿಂಗಳಷ್ಟೇ ಜಾದವ್‌ಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು, ಮಮತಾ ಬ್ಯಾನರ್ಜಿಯವರನ್ನು ಗೇಲಿ ಮಾಡಿದ ಚಿತ್ರವೊಂದನ್ನು ಇಮೇಲಿನಲ್ಲಿ ಕಳಿಸಿದ್ದಕ್ಕೆ ಬಂಧಿಸಿದ್ದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ, ಈ ದೇಶಕ್ಕೆ ನಗುವುದೇ ಮರೆತಿದೆ ಎಂದು ನಾನೂ ಗಂಟಲು ದೊಡ್ಡದು ಮಾಡಿದೆ. ಒಬ್ಬ ಸಹೋದ್ಯೋಗಿ ಮಾತ್ರ ಸುಮ್ಮನೆ ಟೀ ಕುಡಿದು ಎದ್ದುಹೋದರು. ಅದನ್ನು ನಾನು ಗಮನಿಸಿದ್ದೆ, ಆದರೆ ಏಕೆಂದು ಕೇಳಲಿಲ್ಲ.

ಕೇಳಿದ್ದು ಒಬ್ಬ ವಿದ್ಯಾರ್ಥಿನಿ. ಆ ವರ್ಷದ ಪಾಠ ಮುಗಿದ ಮೇಲೆ ಜೆರಾಕ್ಸ್ ಹಿಡಿದು ಬಂದಳು.

"ಸರ್, ನೆಹರೂ ಅವರ ಚಾಟಿ ಯಾರ ಮೇಲೆ?"

"ಹುಳುವಿನ ಮೇಲೆ ಕಣಮ್ಮ. ನಿಧಾನ ಆಯ್ತು ಅಂತ."

"ನೀವು ಹೇಳಿದ್ರಿಂದ ಹಾಗೆ ಕಾಣುತ್ತೆ ಸರ್. ನಮ್ಮಜ್ಜಂಗೆ ಓದೋಕೆ ಬರಲ್ಲ. ಅವರಿಗೆ ಇದನ್ನ ತೋರ್ಸಿದ್ರೆ ಬೇರೆ ಥರಾನೇ ಕಾಣುತ್ತೆ."

ಉತ್ತರ ಹೊಳೆಯಲಿಲ್ಲ. ಲೈಬ್ರರಿಗೆ ಹೋಗಿ ಸಂವಿಧಾನ ಸಭೆಯ ಚರ್ಚೆಯ ಸಂಪುಟಗಳನ್ನು ತೆಗೆದೆ. ಪಾಠ ಮಾಡುತ್ತಿದ್ದರೂ ಅವನ್ನು ಪೂರ್ತಿ ಓದಿರಲಿಲ್ಲ, ಒಪ್ಪಿಕೊಳ್ಳಬೇಕು. 1948ರ ನವೆಂಬರ್ 5ರಂದು ಟಿ.ಟಿ. ಕೃಷ್ಣಮಾಚಾರಿ ಸಭೆಗೆ ಹೇಳಿದ್ದು ಅಲ್ಲಿತ್ತು: ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನು ಕೆಲವರು ಬೇರೆ ಕೆಲಸದಿಂದಲೋ ಅನಾರೋಗ್ಯದಿಂದಲೋ ಬರಲಾಗಲಿಲ್ಲ. ಭಾರವೆಲ್ಲ ಅಂಬೇಡ್ಕರ್ ಮೇಲೆ ಬಿತ್ತು. ಚಿತ್ರ ಅಚ್ಚಾದ ಮೂರೇ ತಿಂಗಳಿಗೆ, 1949ರ ನವೆಂಬರ್ 25ರಂದು, ನಿಧಾನದ ಆರೋಪಕ್ಕೆ ಅಂಬೇಡ್ಕರರೇ ಲೆಕ್ಕ ಕೊಟ್ಟಿದ್ದಾರೆ. ಅಮೆರಿಕದವರು ನಾಲ್ಕು ತಿಂಗಳೊಳಗೆ ಮುಗಿಸಿದರು, ನಿಜ. ಅವರದು 7 ವಿಧಿ, ನಮ್ಮದು 395. ಜೊತೆಗೆ ಇಲ್ಲಿ 2,473 ತಿದ್ದುಪಡಿಗಳನ್ನು ಇತ್ಯರ್ಥ ಮಾಡಬೇಕಿತ್ತು. ನಗಿಸುವ ಚಿತ್ರವನ್ನು ಹಂಚಿದ ನಾನು ಈ ಲೆಕ್ಕವನ್ನು ಒಮ್ಮೆಯೂ ಹಂಚಿರಲಿಲ್ಲ.

ಶಂಕರ್ ಕೆಟ್ಟ ಉದ್ದೇಶದಿಂದ ಬರೆದರು ಎಂದು ನಾನು ಹೇಳಲಾರೆ. ನೆಹರೂ ಅವರನ್ನೂ ಅವರು ಬಿಟ್ಟವರಲ್ಲ. ಬಿಡಬೇಡ ಎಂದು ನೆಹರೂ ಅವರೇ ಹೇಳಿದ್ದರು. ಆದರೆ 2019ರಲ್ಲಿ ಉನ್ನಮತಿ ಶ್ಯಾಮ ಸುಂದರ್ ಅವರ ಪುಸ್ತಕ ನೋಡಿದಾಗ ಆ ಹುಡುಗಿಯ ಪ್ರಶ್ನೆ ಮತ್ತೆ ಎದುರಾಯಿತು. ಜೆಎನ್‌ಯುನಲ್ಲಿ ಸಂಶೋಧನೆ ಮಾಡಿದ ಅವರು 1932ರಿಂದ 1956ರವರೆಗಿನ ಇಂಗ್ಲಿಷ್ ಪತ್ರಿಕೆಗಳಿಂದ ಅಂಬೇಡ್ಕರ್ ಕುರಿತ ನೂರಕ್ಕೂ ಹೆಚ್ಚು ವ್ಯಂಗ್ಯಚಿತ್ರಗಳನ್ನು ಹೆಕ್ಕಿದ್ದಾರೆ. ಒಂದು ಚಿತ್ರ ನೋಡಿದರೆ ತಮಾಷೆ. ಸಾಲಾಗಿ ನೋಡುತ್ತ ಹೋದರೆ ಬೇರೆ ನಾಯಕರೆದುರು ಅವರನ್ನು ಮತ್ತೆ ಮತ್ತೆ ಕುಗ್ಗಿಸಿರುವುದು ಕಾಣುತ್ತದೆ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಚಿತ್ರ ನೋಡಿ ಬೆಳೆದ ನನಗೆ, ಪತ್ರಿಕೆಯ ಗೆರೆ ಯಾವಾಗಲೂ ಸಾಮಾನ್ಯನ ಪರ ಎಂಬ ನಂಬಿಕೆಯಿತ್ತು. ಯಾವ ಸಾಮಾನ್ಯ ಎಂದು ಕೇಳಿಕೊಂಡಿರಲಿಲ್ಲ.

2012ರಲ್ಲಿ ಸುಖದೇವ್ ಥೋರಟ್ ಸಮಿತಿ ಹಲವು ಚಿತ್ರಗಳನ್ನು ತೆಗೆಯಲು ಹೇಳಿತು. ಸದಸ್ಯರಲ್ಲಿ ಎಂ.ಎಸ್.ಎಸ್. ಪಾಂಡಿಯನ್ ಒಪ್ಪಲಿಲ್ಲ. ನಾನು ಈಗಲೂ ಪಾಂಡಿಯನ್ ಕಡೆಗೇ. ಕೊಠಡಿ ಒಡೆದದ್ದನ್ನಂತೂ ಯಾವ ನೋವೂ ಸಮರ್ಥಿಸದು.

ಜೆರಾಕ್ಸ್ ಹಂಚುವುದನ್ನು ಬಿಟ್ಟಿಲ್ಲ. ಈಗ ನವೆಂಬರ್ 25ರ ಭಾಷಣದ ಪುಟಗಳೂ ಅದಕ್ಕೆ ಪಿನ್ ಆಗಿರುತ್ತವೆ. ಚಾಟಿ ಯಾರ ಮೇಲೆ ಎಂದು ಮೊದಲು ಮಕ್ಕಳನ್ನೇ ಕೇಳುತ್ತೇನೆ. ಹೋದ ವರ್ಷ ಆ ಒಂದು ಪ್ರಶ್ನೆಗೇ ಪೂರ್ತಿ ಪೀರಿಯಡ್ ಹೋಯಿತು, ಬೆಲ್ ಹೊಡೆದರೂ ಇಬ್ಬರು ಹುಡುಗರು ಬಾಗಿಲ ಬಳಿ ನಿಂತು ಜಗಳವಾಡುತ್ತಿದ್ದರು.