ಕಲಿಯುವವರಿಗಾಗಿ ಹುಟ್ಟಿದ ನಿಘಂಟು

ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗೆ ಇಂಗ್ಲೆಂಡಿನ ಹಳೆಯ ನಿಘಂಟುಗಳಿಂದ ದೊರೆಯುತ್ತಿದ್ದ ನೆರವು ಅಲ್ಪವಾಗಿತ್ತು. ಏಕೆಂದರೆ ಅವು ಆ ಭಾಷೆಯನ್ನು ಆಡುತ್ತಲೇ ಬೆಳೆದವರಿಗಾಗಿ ರಚಿತವಾದವು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಪ್ರಕಟಿಸಿದ ನಿಘಂಟು ಬಲೆಯ ಹೆಣಿಗೆಯನ್ನು ಸೂಚಿಸುವ 'ನೆಟ್‌ವರ್ಕ್' ಪದವನ್ನು ಅದಕ್ಕಿಂತ ಕಠಿಣವಾದ ಲ್ಯಾಟಿನ್ ಮೂಲದ ಪದಗಳಿಂದ ವಿವರಿಸುತ್ತದೆ. ಇಂಥ ತೊಡಕಿನ ಪರಿಹಾರಕ್ಕೆ ಬಂಗಾಳ ಮತ್ತು ಜಪಾನಿನ ತರಗತಿಗಳು ನೆಲೆಯಾದದ್ದು ವಿಶೇಷವಾಗಿ ಗಮನಿಸಬೇಕಾದ ಸಂಗತಿ.

ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದ ಮೈಕೆಲ್ ವೆಸ್ಟ್, ಬಂಗಾಳಿ ಮಕ್ಕಳು ಇಂಗ್ಲಿಷ್ ಪುಸ್ತಕದಲ್ಲಿ ಎಡವುವುದಕ್ಕೆ ಹೊಸ ಪದಗಳು ಒಮ್ಮೆಲೇ ಮುತ್ತಿಕೊಳ್ಳುವುದೇ ಕಾರಣವೆಂದು ಕಂಡುಕೊಂಡು, ಪಠ್ಯದ ಪದಗಳನ್ನು ಮಿತಗೊಳಿಸುವ ಕ್ರಮವನ್ನು ರೂಪಿಸಿದರು. ಅದರ ಮುಂದುವರಿಕೆಯಾಗಿ 1935ರಲ್ಲಿ ಜೇಮ್ಸ್ ಎಂಡಿಕಾಟ್ ಜೊತೆಗೂಡಿ ಅವರು ಹೊರತಂದ ನಿಘಂಟಿನಲ್ಲಿ ಸುಮಾರು 24,000 ನಮೂದುಗಳಿಗೆ 1,490 ಪದಗಳಲ್ಲೇ ಅರ್ಥ ಹೇಳಲಾಗಿದೆ. ಅರ್ಥ ಹೇಳುವುದಕ್ಕೆಂದೇ ಆಯ್ದುಕೊಂಡ ಇಂಥ ಸೀಮಿತ ಗುಂಪನ್ನು ವಿವರಣಾ ಪದಸಂಪತ್ತು ಎನ್ನಬಹುದು. 1978ರ ಲಾಂಗ್‌ಮನ್ ನಿಘಂಟು ಇದೇ ತತ್ತ್ವವನ್ನು ಸುಮಾರು 2,000 ಪದಗಳಿಂದ ನಡೆಸಿತು.

ಆದರೆ ಅರ್ಥ ತಿಳಿದ ಮಾತ್ರಕ್ಕೆ ಪ್ರಯೋಗ ಕೈವಶವಾಗುವುದಿಲ್ಲ. 'ವಾಂಟ್' ಎಂಬ ಕ್ರಿಯಾಪದ ಒಪ್ಪುವ 'ಹಿಮ್ ಟು ಗೋ' ಎಂಬ ರಚನೆಯನ್ನು 'ಸಜೆಸ್ಟ್' ಒಪ್ಪುವುದಿಲ್ಲ. 'ಇನ್ಫರ್ಮೇಷನ್' ಎಂಬ ನಾಮಪದಕ್ಕೆ ಬಹುವಚನವಿಲ್ಲ. ಹುಟ್ಟಿನಿಂದ ಇಂಗ್ಲಿಷ್ ಆಡುವವರು ಇವನ್ನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲವಾದ್ದರಿಂದ ಅವರ ನಿಘಂಟುಗಳು ಈ ವಿಷಯದಲ್ಲಿ ಮೌನವಾಗಿದ್ದವು. 1922ರಲ್ಲಿ ಟೋಕಿಯೋಗೆ ಬಂದು ಮರುವರ್ಷ ಇಂಗ್ಲಿಷ್ ಬೋಧನೆಯ ಸಂಶೋಧನ ಸಂಸ್ಥೆಯೊಂದನ್ನು ಸ್ಥಾಪಿಸಿದ ಹೆರಾಲ್ಡ್ ಪಾಮರ್ ಈ ಕೊರತೆಯನ್ನು ಗುರುತಿಸಿ ಕ್ರಿಯಾಪದಗಳನ್ನು ಅವು ಬೇಡುವ ವಾಕ್ಯರಚನೆಗೆ ಅನುಗುಣವಾಗಿ ವರ್ಗೀಕರಿಸತೊಡಗಿದರು. 1924ರಿಂದ ಜಪಾನಿನಲ್ಲಿ ಬೋಧಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಆ ಕೆಲಸವನ್ನು 25 ಕ್ರಿಯಾಪದ ಮಾದರಿಗಳವರೆಗೆ ಬೆಳೆಸಿ, ಪ್ರತಿಯೊಂದು ಕ್ರಿಯಾಪದವೂ ಯಾವ ಮಾದರಿಗೆ ಸೇರುತ್ತದೆಂದು ತಾವು ರಚಿಸಿದ ನಿಘಂಟಿನಲ್ಲೇ ಸೂಚಿಸಿದರು, ಎಣಿಸಬಹುದಾದ ಮತ್ತು ಎಣಿಸಲಾಗದ ನಾಮಪದಗಳನ್ನೂ ಬೇರ್ಪಡಿಸಿ ತೋರಿಸಿದರು. ಕಲಿಯುವವರ ತಪ್ಪುಗಳನ್ನು ಅಜ್ಞಾನವೆಂದು ತಳ್ಳಿಹಾಕದೆ, ನಿಘಂಟು ಏನನ್ನು ಹೇಳಬೇಕೆಂಬುದಕ್ಕೆ ಅವನ್ನೇ ಆಧಾರ ಮಾಡಿಕೊಂಡದ್ದು ಈ ಕೃತಿಯ ನಿಜವಾದ ಹಿರಿಮೆ.

ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಅವರ ಸಹಕಾರದಲ್ಲಿ ಸಿದ್ಧವಾದ ಈ ನಿಘಂಟು 1942ರಲ್ಲಿ, ಜಪಾನ್ ಬ್ರಿಟನ್ನಿನೊಡನೆ ಯುದ್ಧದಲ್ಲಿದ್ದಾಗಲೇ, ಟೋಕಿಯೋದ ಕೈತಾಕುಷಾ ಪ್ರಕಾಶನದಿಂದ ಬೆಳಕು ಕಂಡಿತು. ಹಾರ್ನ್‌ಬಿ ಅದೇ ವರ್ಷ ಸ್ವದೇಶಕ್ಕೆ ಮರಳಿದರು. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1948ರಲ್ಲಿ ಅದನ್ನು ಮರುಮುದ್ರಿಸಿ, 1952ರಲ್ಲಿ 'ಅಡ್ವಾನ್ಸ್ಡ್ ಲರ್ನರ್ಸ್' ಎಂಬ ಹೆಸರು ಕೊಟ್ಟಿತು. ಕರ್ನಾಟಕದ ಕಾಲೇಜು ಗ್ರಂಥಾಲಯಗಳಲ್ಲಿ ಈ ಹೆಸರಿನಿಂದ ಪರಿಚಿತವಾಗಿರುವ ನಿಘಂಟು ಅದರ ಪರಿಷ್ಕೃತ ಆವೃತ್ತಿಯೇ.